ಅಚ್ಚಿನ ಮೇಲಿನ ಕುಂಕುಮ

ಇಪ್ಪತ್ತೊಂಬತ್ತನೇ ವಯಸ್ಸಿಗೆ ನನಗೆ ಶಾಲು ಹೊದಿಸಿ, ಹಾರ ಹಾಕಿ, ನಿವೃತ್ತಿಯ ಬೀಳ್ಕೊಡುಗೆ ಮಾಡಿದರು. ಶಾಲು ಹೊದಿಸಿದವರು ನಮ್ಮ ಮಾಲೀಕರಾದ ಸಿದ್ದೇಶಣ್ಣ. ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಮಳಿಗೆಯಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಸಮಾರಂಭ ನಡೆಯಿತು. ಪಾರ್ಸೆಲ್ ಹಂಚುವವರೆಲ್ಲ ಸೇರಿ ಮಂಡಕ್ಕಿ, ಮೆಣಸಿನಕಾಯಿ ತರಿಸಿದ್ದರು.

“ಅರವತ್ತಾಗೋವರ್ಗೂ ಕಾಯಾಕೆ ಈ ಕೆಲ್ಸನೇ ಇರಲ್ಲ ಕಣಮ್ಮ. ಅದಕ್ಕೇ ಈಗ್ಲೇ ಮುಗಿಸಿಬಿಟ್ವಿ,” ಎಂದರು ಸಿದ್ದೇಶಣ್ಣ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವರು ಹೇಳಿದ್ದು ನಿಜವಾಗಿತ್ತು. ಆರು ವರ್ಷ ನಾನು ಮಾಡಿದ ಕೆಲಸ ಈಗ ಇಲ್ಲ. ಆ ಮಳಿಗೆಯಲ್ಲಿ ಈಗ ಕಬ್ಬಿನ ಹಾಲು ಮಾರುತ್ತಾರೆ. ಅದರ ಮುಂದೆ ಹಾದುಹೋಗುವಾಗ ಇವತ್ತಿಗೂ ರಟ್ಟಿನ ವಾಸನೆಗೆ, ಅಂಟುಪಟ್ಟಿ ಎಳೆದಾಗ ಬರುತ್ತಿದ್ದ ಆ ಕರ್ಕಶ ಸದ್ದಿಗೆ ಒಂದು ಕ್ಷಣ ಕಾಯುತ್ತೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಫೋನಿನಲ್ಲಿ ನೋಡಿ ತರಿಸಿಕೊಂಡ ಸಾಮಾನು ಒಡೆದು ಬಂದರೆ, ಕೆಟ್ಟು ಬಂದರೆ, ಚಿತ್ರದಲ್ಲಿ ಒಂದು ತೋರಿಸಿ ಇನ್ನೊಂದು ಕಳಿಸಿದ್ದರೆ ಜನ ಅದನ್ನು ನಮ್ಮ ಕೌಂಟರಿಗೆ ತರುತ್ತಿದ್ದರು. ನಾನು ಅದನ್ನು ನೋಡಿ, ಫೋಟೊ ತೆಗೆದು, ದೂರು ಬರೆದು, ಪೆಟ್ಟಿಗೆ ಕಟ್ಟಿ ವಾಪಸ್ ಕಳಿಸಬೇಕು. ಮಾರಿದವನು ಯಾವುದೋ ಊರಿನಲ್ಲಿರುತ್ತಿದ್ದ. ಅವನ ಮುಖ ನನಗೂ ಗೊತ್ತಿಲ್ಲ, ಕೊಂಡವರಿಗೂ ಗೊತ್ತಿಲ್ಲ. ಹಾಗಾಗಿ ಅವನಿಗೆ ಸಲ್ಲಬೇಕಾದ ಬೈಗುಳವೆಲ್ಲ ಮೊದಲು ನನ್ನ ಮೇಜಿನ ಮೇಲೆ ಬೀಳುತ್ತಿತ್ತು. ಆ ಸಾಮಾನು ಹಂಚಲು, ವಾಪಸ್ ಪಡೆಯಲು ಮಾರಾಟದ ಕಂಪನಿಯಿಂದ ಸಿದ್ದೇಶಣ್ಣನಿಗೆ ನಾಲ್ಕು ತಾಲ್ಲೂಕಿನ ಗುತ್ತಿಗೆ ಇತ್ತು. ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು, ಉಳಿದ ದಿನ ಚನ್ನಗಿರಿ. ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ನಾಲ್ಕೂ ಕಡೆ ನಾನು ‘ವಾಪಸ್ ಮೇಡಂ’.

ಈಗ ಇದೇ ಥರದ ದೂರುಗಳನ್ನು ಫೋನಿನಲ್ಲಿ ಕೇಳುವ ಕೆಲಸಕ್ಕೆ ನಮ್ಮ ಕಡೆಯ ಹುಡುಗಿಯರು ಸೇರುತ್ತಿದ್ದಾರೆ. ಇಬ್ಬರು ನಮ್ಮ ಮನೆಗೇ ಬಂದು, ಅಕ್ಕಾ, ಹೇಗಿರುತ್ತೆ ಹೇಳಿ ಎಂದರು. ಎದುರು ಕೂತು ಹೇಳುವುದು ನನಗೆ ಒಗ್ಗುವುದಿಲ್ಲ, ಬರೆಯುವುದು ವಾಸಿ. ಸಂಬಳ, ಬಡ್ತಿಯ ವಿಷಯ ಇದರಲ್ಲಿ ಇಲ್ಲ. ಬಡ್ತಿ ಕೊಡಲು ನಮ್ಮಲ್ಲಿ ಮೇಲಿನ ಕುರ್ಚಿ ಇದ್ದದ್ದು ಒಂದೇ, ಅದರಲ್ಲಿ ಸಿದ್ದೇಶಣ್ಣ ಕೂತಿದ್ದರು.

ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬಂದವಳು ನಾನು. ಮಾರುಕಟ್ಟೆಯಲ್ಲಿ ಮಾರುವವನಿಗೆ ಗೊತ್ತಿರುವಷ್ಟು ಕೊಳ್ಳುವವನಿಗೆ ಗೊತ್ತಿರುವುದಿಲ್ಲ ಎಂಬುದರ ಮೇಲೆ ಇಪ್ಪತ್ತು ಪುಟ ಬರೆದಿದ್ದೆ. ಮೊದಲ ತಿಂಗಳೇ ತ್ಯಾವಣಿಗೆಯ ಒಬ್ಬರು ಬಂದು ಅಷ್ಟನ್ನೂ ಒಂದು ಟವೆಲಿನಲ್ಲಿ ತೋರಿಸಿಕೊಟ್ಟರು.

ಅವರು ತರಿಸಿದ್ದು ದುರ್ಬೀನು. ತೋಟಕ್ಕೆ ಕೋತಿ ಬರುವುದನ್ನು ಮನೆಯ ಮಾಳಿಗೆಯಿಂದಲೇ ನೋಡುವ ಆಸೆ. ಐದು ಕಿಲೋಮೀಟರ್ ದೂರದ್ದು ಕಾಣುತ್ತದೆ ಎಂದು ಬರೆದಿತ್ತಂತೆ.

“ಕಾಣಲ್ವಾ?” ಎಂದೆ.

“ನೋಡ್ರಿ ಮೇಡಮ್ಮಾರೇ, ಸುಮ್ಸುಮ್ನೆ ಹೇಳೋ ಪೈಕಿ ಅಲ್ಲ ನಾನು. ನಮ್ ತಮ್ಮನ್ನ ಕೆಂಪು ಟವಲ್ ಕೊಟ್ಟು ಭದ್ರಾ ಚಾನಲ್ ಏರಿ ಮೇಲೆ ನಿಲ್ಸಿದ್ದೆ. ಫೋನ್‌ನಾಗೆ ಬೀಸು ಅಂದೆ. ಬೀಸ್ದ. ನನಗೆ ಟವಲ್ಲೂ ಕಾಣ್ಲಿಲ್ಲ, ತಮ್ಮನೂ ಕಾಣ್ಲಿಲ್ಲ. ಹಿಂದಕ್ಕೆ ಬಾ ಅಂದೆ. ಬಂದ. ಇನ್ನೂ ಬಾ ಅಂದೆ. ಕೊನೀಗೆ ಎಲ್ಲಿ ಕಾಣಿಸ್ದ ಗೊತ್ತಾ? ನಮ್ ಹಿತ್ತಲಾಗೆ! ಅದೂ ಅವನು ಬೈಯ್ಯೋದು ಕೇಳಿ ಆ ಕಡೆ ತಿರುಗಿದ್ದಕ್ಕೆ.”

ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರ ತಮ್ಮ ಎಲ್ಲೆಲ್ಲಿ ನಿಂತಿದ್ದನೋ ಅಷ್ಟನ್ನೂ ದೂರಿನಲ್ಲಿ ಬರೆದೆ. ಚಾನಲ್ ಏರಿ, ಕಾಣಲಿಲ್ಲ. ಶಾಲೆ, ಕಾಣಲಿಲ್ಲ. ಹಿತ್ತಲು, ಕಂಡಿತು. ಮಾರಿದವನು ತಕರಾರಿಲ್ಲದೆ ಒಪ್ಪಿಕೊಂಡ. ಹೊಸಬರು ಇದನ್ನು ಗಮನಿಸಬೇಕು. ‘ಚೆನ್ನಾಗಿಲ್ಲ’ ಎಂದು ಬರೆದ ದೂರು ನಿಲ್ಲುವುದಿಲ್ಲ. ಎಲ್ಲಿ, ಎಷ್ಟು, ಹೇಗೆ ಎಂದು ಬರೆದದ್ದು ನಿಲ್ಲುತ್ತದೆ.

ಕೌಂಟರಿನಲ್ಲಿ ಚೌಕಾಸಿ ಮಾಡುವವರೂ ಇದ್ದರು. ಕೆರೆಬಿಳಚಿಯ ಒಬ್ಬ ಹೆಂಗಸು ಸೀರೆ ಬಿಚ್ಚಿ ಮೇಜಿನ ತುಂಬ ಹರಡಿ, “ಫೋನ್‌ನಾಗೆ ಗಿಣಿ ಹಸಿರಿತ್ತು, ಇದು ಕೆರೆ ಪಾಚಿ. ಅರ್ಧ ರೇಟಿಗೆ ಕೊಟ್ರೆ ಇಟ್ಕಂತೀನಿ, ಆಗ್ತೈತಾ?” ಎಂದಿದ್ದರು. ಸೀರೆ ಮಾರಿದವಳು ನಾನಲ್ಲ ಎಂದು ಹೇಳಿ ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಹೋಗುವಾಗ, “ಓದಿದೀಯ, ರೇಟು ಇಳಿಸಾಕೆ ಬರಲ್ಲ,” ಎಂದು ನನ್ನ ಮೇಲೆ ಮರುಕಪಟ್ಟು ಹೋದರು.

ಇನ್ನು ಪೂಜೆಯ ವಿಷಯ. ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದು.

ನಮ್ಮ ಕಡೆ ಮನೆಗೆ ಯಾವ ಹೊಸ ವಸ್ತು ಬಂದರೂ ಮೊದಲು ಪೂಜೆ. ಮಿಕ್ಸಿಯಾಗಲಿ, ಟ್ರಾಕ್ಟರ್ ಆಗಲಿ, ಔಷಧಿ ಹೊಡೆಯುವ ಪಂಪಾಗಲಿ, ಮೂರು ಬೆರಳು ವಿಭೂತಿ, ಅರಿಶಿನ, ಕುಂಕುಮ, ಒಂದು ಹೂವು, ಊದಿನಕಡ್ಡಿ. ಅಮಾವಾಸ್ಯೆ ಹತ್ತಿರವಿದ್ದರೆ ಪೆಟ್ಟಿಗೆಯನ್ನೇ ಬಿಚ್ಚುವುದಿಲ್ಲ. ಸೋಮವಾರಕ್ಕೆ ಕಾಯುವ ಮನೆಗಳೂ ಬಹಳ. ನಮ್ಮ ಮನೆಯಲ್ಲೂ ಹಾಗೇ, ಹಾಗಾಗಿ ನನಗೆ ಅದರಲ್ಲಿ ವಿಶೇಷ ಕಂಡಿರಲಿಲ್ಲ. ಕೌಂಟರಿನಲ್ಲಿ ಕೂತ ಮೇಲೆ ಕಂಡಿತು. ವಾಪಸ್ ಮಾಡಲು ಬಹಳಷ್ಟು ಸಾಮಾನಿಗೆ ಏಳೇ ದಿನ ಗಡುವು. ಮಂಗಳವಾರ ಬಂದ ಪಾರ್ಸೆಲ್ಲನ್ನು ದೇವರ ಮುಂದಿಟ್ಟು ಮುಂದಿನ ಸೋಮವಾರ ಬಿಚ್ಚಿದರೆ ಉಳಿಯುವುದು ಒಂದು ದಿನ. ಹೊನ್ನಾಳಿಯಲ್ಲಿ ಇದು ಎಷ್ಟು ಸಲ ಆಯಿತೆಂದರೆ, ನಾನು ಸಿದ್ದೇಶಣ್ಣನ ಹತ್ತಿರ ಹೋಗಿ, ಹೊನ್ನಾಳಿಯ ಮಿಷನ್ನು, ಮಿಕ್ಸಿಗಳನ್ನೆಲ್ಲ ಶನಿವಾರವೇ ಹಂಚಿಸಿ ಎಂದೆ.

“ಯಾಕಮ್ಮ?”

“ಸೋಮವಾರ ಬಿಚ್ಚಿದರೆ ಐದು ದಿನ ಕೈಯಲ್ಲಿರುತ್ತೆ.”

“ಕಂಪ್ನಿಯೋರಿಗೆ ಇದನ್ನ ಹೆಂಗೆ ಹೇಳ್ಲಿ? ನಮ್ ಕಡೆ ಸಾಮಾನಿಗೂ ವಾರ ನೋಡ್ತೀವಿ ಅನ್ಲಾ?” ಎಂದರು. ಕಂಪನಿಗೆ ಹೇಳಲಿಲ್ಲ. ಆದರೆ ಶನಿವಾರ ಹಂಚಿಸತೊಡಗಿದರು. ಕೌಂಟರಿನ ಗೋಡೆಗೆ ಅಮಾವಾಸ್ಯೆಗಳಿಗೆ ಸುತ್ತು ಹಾಕಿದ ಕ್ಯಾಲೆಂಡರ್ ಬಂತು.

ಗಡುವಿನ ಕಷ್ಟ ಹೀಗೆ ನೀಗಿದರೂ ಕುಂಕುಮದ ಕಷ್ಟ ಉಳಿಯಿತು. ವಾಪಸ್ ಬಂದ ಸಾಮಾನನ್ನು ಗೋದಾಮಿನಲ್ಲಿ ನೋಡುವವರಿಗೆ ಅದು ಕಲೆ. ಕಲೆ ಇದ್ದರೆ ‘ಬಳಸಿದ್ದು’. ‘ಬಳಸಿದ್ದು’ ಎಂದು ಬರೆದರೆ ಪೆಟ್ಟಿಗೆ ಹಾಗೇ ತಿರುಗಿ ಬರುತ್ತಿತ್ತು. ಅದಕ್ಕೆ ನಾನೇ ಒಂದು ಉಪಾಯ ಕಂಡುಕೊಂಡೆ. ಫ್ಯಾನ್ಸಿ ಸ್ಟೋರಿನಿಂದ ಉಗುರಿನ ಬಣ್ಣ ತೆಗೆಯುವ ದ್ರಾವಣದ ಒಂದು ಬಾಟಲಿ, ಒಂದಿಷ್ಟು ಹತ್ತಿ ತಂದು ಕೈಚೀಲದಲ್ಲಿ ಇಟ್ಟುಕೊಂಡೆ. ಎಣ್ಣೆಯಲ್ಲಿ ಕಲಸಿ ಹಚ್ಚಿದ ಕುಂಕುಮವೂ ಅದಕ್ಕೆ ಬಿಡುತ್ತಿತ್ತು. ಮೊದಲು ಒರೆಸುವುದು, ಆಮೇಲೆ ಫೋಟೊ, ಆಮೇಲೆ ಪೆಟ್ಟಿಗೆ. ಕೌಂಟರಿನವರು ಸಾಮಾನನ್ನು ಮುಟ್ಟಿ ಬದಲಿಸಬಾರದು ಎಂಬ ನಿಯಮ ಇತ್ತು, ನನಗೆ ಗೊತ್ತೂ ಇತ್ತು. ಆದರೆ ತಿರುಗಿ ಬರುವ ಪೆಟ್ಟಿಗೆಗಳು ನಿಂತವು. ಸಿದ್ದೇಶಣ್ಣ ನೋಡಿಯೂ ನೋಡದ ಹಾಗೆ ಇದ್ದರು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ.

ಹೀಗಿರುವಾಗ ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಗೌರಮ್ಮ ಎಂಬವರು ಫೋನ್ ಮಾಡಿದರು.

ಗೌರಮ್ಮ ಬೇಸಿಗೆಯಲ್ಲಿ ಶಾವಿಗೆ ಒತ್ತಿಕೊಡುವವರು. ಶಿವರಾತ್ರಿ ಕಳೆದು ಬಿಸಿಲು ಬಲಿತರೆ ಅವರ ಓಣಿಯ, ಅಕ್ಕಪಕ್ಕದ ಊರಿನ ಹೆಂಗಸರು ತಮ್ಮ ತಮ್ಮ ಗೋಧಿ ಹಿಟ್ಟು ತಂದುಕೊಡುತ್ತಾರೆ, ಅವರು ಒತ್ತಿ ಒಣಗಿಸಿ ಕೊಡುತ್ತಾರೆ. ವರ್ಷಗಟ್ಟಲೆ ಕೈಯಲ್ಲಿ ತಿರುಗಿಸುವ ಮಿಷನ್ನಿನಲ್ಲೇ ಮಾಡಿದ್ದರು. ರಟ್ಟೆ ನೋವು ಹೆಚ್ಚಾಗಿ, ಆ ವರ್ಷ ಕೂಡಿಟ್ಟ ದುಡ್ಡಿನಲ್ಲಿ ಮೋಟರಿನ ಮಿಷನ್ ತರಿಸಿದ್ದರು. ಹಳೆಯದನ್ನು ತಂಗಿಯ ಮಗಳಿಗೆ ಕೊಟ್ಟುಬಿಟ್ಟಿದ್ದರು. ಹಿತ್ತಾಳೆ ಅಚ್ಚು ಎಂದು ಬರೆದಿದ್ದರಿಂದಲೇ ಆ ಮಿಷನ್ ಆರಿಸಿದ್ದಂತೆ. ಅಚ್ಚು ಎಂದರೆ ಹಿಟ್ಟು ಎಳೆಎಳೆಯಾಗಿ ಇಳಿಯುವ ತೂತುಗಳ ಬಿಲ್ಲೆ. ಅದು ಹಿತ್ತಾಳೆಯದಾದರೆ ಶಾವಿಗೆ ನುಣ್ಣಗೆ ಬರುತ್ತದೆ.

ಮಿಷನ್ ಭಾರ, ತರಲು ಆಗುವುದಿಲ್ಲ ಎಂದರು. ಆ ಗುರುವಾರ ನಾನೇ ಜಗಳೂರಿನಿಂದ ಆಟೋ ಹಿಡಿದು ಹೋದೆ.

ಪಡಸಾಲೆಯಲ್ಲಿ ಮಿಷನ್ ಇತ್ತು. ಅದರ ಮೈಮೇಲೆ ವಿಭೂತಿ, ಬಾಡಿದ ಕಣಗಿಲೆ ಹೂವು. ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಹೆಂಗಸರ ಹೆಸರುಗಳು, ಸರದಿಯ ಪ್ರಕಾರ. ಅಂಗಳದಲ್ಲಿ ಎರಡು ಕುರ್ಚಿಗಳ ನಡುವೆ ಅಡ್ಡ ಇಟ್ಟ ಕೋಲಿನ ಮೇಲೆ ಶಾವಿಗೆ ಒಣಗಿತ್ತು. ಅದರ ಬಣ್ಣ ಬೂದಿ.

“ನೋಡವ್ವ, ಇದನ್ನ ಯಾರಾದ್ರೂ ತಿಂತಾರಾ?” ಎಂದರು ಗೌರಮ್ಮ. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. “ಬೆಳ್ಳಗೆ ಹಾಲಿನಂಗಿದ್ದ ಹಿಟ್ಟು. ಕರ್ರಗಾಗಿ ಬಂತು. ಕೊಟ್ಟೋರಿಗೆ ನಮ್ಮನೆ ಗೋಧಿ ಬೀಸಿ ಕೊಟ್ಟೀನಿ. ಉಳಿದೋರು ಕಾಯ್ತಾ ಅವ್ರೆ. ಇನ್ನೆರಡು ವಾರ ನೋಡ್ತಾರೆ, ಆಮೇಲೆ ಜಗಳೂರಿಗೆ ಹೋಗ್ತಾರೆ. ಹೋದೋರು ಮತ್ತೆ ಬರ್ತಾರಾ?”

“ಅಚ್ಚು ಹಿತ್ತಾಳೆ ಥರಾನೇ ಇದೆಯಲ್ಲಾ?” ಎಂದೆ. ಬಿಲ್ಲೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ದಪ್ಪ ಕುಂಕುಮದ ಬೊಟ್ಟು.

ಅವರು ಒಳಗಿನಿಂದ ಒಂದು ಹಳೆಯ ಹಿತ್ತಾಳೆ ತಂಬಿಗೆ ತಂದು ಚಮಚದಿಂದ ಬಡಿದರು. ಗಣ್ ಎಂದು ಬಹಳ ಹೊತ್ತು ಮೊಳಗಿತು. ಅದೇ ಚಮಚದಿಂದ ಅಚ್ಚನ್ನು ಬಡಿದರು. ಟಕ್ ಎಂದು ಅಲ್ಲೇ ಸತ್ತಿತು.

“ಈಗ ಹೇಳು.”

ಅವರ ಸೊಸೆ ರೇಣುಕ ಬಾಗಿಲಲ್ಲಿ ನಿಂತು ನಗುತ್ತಿದ್ದಳು. “ನಮ್ಮತ್ತೆ ಮುಂದೆ ಯಾವ್ ಪಾತ್ರೆನೂ ಸುಳ್ಳು ಹೇಳಂಗಿಲ್ರೀ ಮೇಡಂ.”

ನಾನು ನನ್ನ ಪದ್ಧತಿಯಂತೆ ಕೈಚೀಲದಿಂದ ಬಾಟಲಿ, ಹತ್ತಿ ತೆಗೆದೆ. “ಮೊದಲು ಈ ಕುಂಕುಮ ಒರೆಸ್ತೀನಿ, ಆಮೇಲೆ ಫೋಟೊ ತಗೋತೀನಿ,” ಎಂದೆ.

ಗೌರಮ್ಮನ ಮುಖ ಬದಲಾಯಿತು. “ಅದೇನ್ ಮಾತವ್ವ! ಮುತ್ತೈದೆ ಮನೇಲಿ ಕುಂಕುಮ ಒರೆಸ್ತೀನಿ ಅನ್ನಬಾರ್ದು. ಅದನ್ನ ಇಟ್ಟೋರೂ ಮುಟ್ಟಲ್ಲ, ತಾನಾಗೇ ಹೋಗಬೇಕು.”

“ಇದ್ದರೆ ಅವರು ತಗೋಳಲ್ಲಮ್ಮ. ಬಳಸಿದ್ದು ಅಂತಾರೆ.”

ಅವರು ತಲೆಯ ಮೇಲಿನ ಸೆರಗು ಎಳೆದುಕೊಂಡು, “ನಿನಗೆ ಗೊತ್ತಿರ್ತೈತೆ, ಮಾಡು,” ಎಂದು ಮುಖ ಆಚೆ ತಿರುಗಿಸಿದರು. ಅದು ಒಪ್ಪಿಗೆ ಎಂದು ನಾನು ತಿಳಿದೆ.

ಹತ್ತಿ ಒದ್ದೆ ಮಾಡಿ ಒರೆಸಿದೆ. ಕುಂಕುಮ ಬಂತು. ಕುಂಕುಮದ ಹಿಂದೆಯೇ ಬಂಗಾರವೂ ಬಂತು. ಹತ್ತಿ ಹಳದಿಯಾಯಿತು, ಅಚ್ಚು ಬೆಳ್ಳಗೆ ಅಲ್ಯೂಮಿನಿಯಂ ತಟ್ಟೆಯ ಹಾಗೆ ನಿಂತಿತು. ನೋಡಲು ಬಂದಿದ್ದ ಓಣಿಯ ಹೆಂಗಸರು, “ಸಿಕ್ಕಿಬಿದ್ದ ನೋಡ್ರೇ!” ಎಂದು ಕೂಗಿದರು. ನನಗೂ ಉತ್ಸಾಹ ಬಂದು ಇಡೀ ಬಿಲ್ಲೆಯನ್ನು ಉಜ್ಜಿ ಬೆಳ್ಳಗೆ ಮಾಡಿದೆ. ಫೋಟೊ ತೆಗೆದೆ. ‘ಹಿತ್ತಾಳೆ ಅಲ್ಲ, ಬಣ್ಣ ಬಳಿದ ಅಲ್ಯೂಮಿನಿಯಂ’ ಎಂದು ಬರೆದು ಅಲ್ಲೇ ಕಳಿಸಿದೆ. ಗೌರಮ್ಮ ಮಜ್ಜಿಗೆ ಕೊಟ್ಟರು. ವಾರದೊಳಗೆ ಆಗಿಬಿಡುತ್ತೆ ಎಂದು ಹೇಳಿ ಬಂದೆ.

ನಾಲ್ಕನೇ ದಿನ ಕಂಪನಿಯ ಮೂಲಕ ಮಾರಿದವನ ಉತ್ತರ ಬಂತು. ನಾವು ಕಳಿಸಿದ ಅಚ್ಚಿನ ಬಣ್ಣ ಚಿನ್ನದ್ದು, ನಿಮ್ಮ ಫೋಟೊದಲ್ಲಿರುವುದು ಬಿಳಿಯದು, ಗಿರಾಕಿ ನಮ್ಮ ಅಚ್ಚನ್ನು ತೆಗೆದಿಟ್ಟುಕೊಂಡು ಬೇರೆಯದನ್ನು ತೋರಿಸುತ್ತಿದ್ದಾರೆ. ದೂರು ತಿರಸ್ಕೃತ. ಆಕ್ಷೇಪವಿದ್ದರೆ ಮೂರು ದಿನದೊಳಗೆ, ಒಂದು ಸಲ ಮಾತ್ರ.

ಅದನ್ನು ಎರಡು ಸಲ ಓದಿದೆ. ಒರೆಸುವ ಮೊದಲು ನಾನು ಒಂದೇ ಒಂದು ಫೋಟೊ ತೆಗೆದಿರಲಿಲ್ಲ. ಮೋಸದ ಸಾಕ್ಷಿ ಆ ಬಣ್ಣ. ಅದನ್ನು ನನ್ನ ಕೈಯಾರೆ ತೊಳೆದಿದ್ದೆ, ಆ ಹತ್ತಿಯನ್ನೂ ಸೊಕ್ಕೆಯ ತಿಪ್ಪೆಗೆ ಎಸೆದು ಬಂದಿದ್ದೆ. ಕಳ್ಳಿ ಎಂಬ ಹೆಸರು ಮಾತ್ರ ಗೌರಮ್ಮನಿಗೆ.

ಫೋನ್ ಮಾಡಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

“ನಾನು ಬದಲಾಯ್ಸಿದೀನಿ ಅಂದ್ರಾ?” ಎಂದು ಮಾತ್ರ ಕೇಳಿದರು. ಆಮೇಲೆ, “ಮಂದಿ ಹಿಟ್ಟಿನಾಗೆ ಒಂದು ಹಿಡಿ ಇಟ್ಕಂಡೋಳಲ್ಲವ್ವ ನಾನು,” ಎಂದರು.

ಮರುದಿನ ರಜೆ ಹಾಕಿ ಸೊಕ್ಕೆಗೆ ಹೋದೆ. ದಾವಣಗೆರೆಯಲ್ಲಿ ಬಸ್ ಬದಲಿಸುವಾಗ, ಹೋಗಿ ಏನು ಮಾಡುವುದು ಎಂಬುದೂ ಗೊತ್ತಿರಲಿಲ್ಲ. ಗೋಡೆಯ ಮೇಲಿನ ಹೆಸರುಗಳಲ್ಲಿ ಎರಡು ಅಳಿಸಿದ್ದವು. ಅಚ್ಚನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತ ಕೂತೆ. ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಒಂದು ಗುಳಿ ಇತ್ತು. ಎರಕ ಹೊಯ್ಯುವಾಗ ಆದ ಊನ. ಅದರೊಳಗೆ ಕೆಂಪಗೆ ಕುಂಕುಮ ಕೂತಿತ್ತು. ನನ್ನ ಹತ್ತಿ ಅಲ್ಲಿಗೆ ಇಳಿದಿರಲಿಲ್ಲ.

“ಬೊಟ್ಟು ಇಲ್ಲೇ ಇಟ್ಟಿದ್ರಾ ಅಮ್ಮ?”

“ಹ್ಞೂಂ. ಹೊಸಾ ಸಾಮಾನಿನಾಗೆ ಊನ ಐತಲ್ಲ ಅಂತ ಅದರ ಮೇಲೇ ಇಟ್ಟೆ. ಎಣ್ಣೆಯಾಗೆ ಕಲಸಿ ಒತ್ತಿದ್ದೆ.”

“ಪೂಜೆ ದಿನ ಯಾರಾದ್ರೂ ಫೋಟೊ ತೆಗೆದಿದ್ರಾ?”

ಗೌರಮ್ಮ ಸೊಸೆಯ ಕಡೆ ನೋಡಿದರು. ರೇಣುಕ ಸೆರಗಿನ ಒಳಗೆ ಫೋನ್ ಹಿಡಿದುಕೊಂಡು, “ಸ್ಟೇಟಸ್ಸಿಗೆ ಹಾಕಾಕೆ ಒಂದೆರಡು ತೆಗ್ದಿದ್ದೆ,” ಎಂದಳು, ತಪ್ಪು ಮಾಡಿದವಳ ಹಾಗೆ.

“ಒಂದೆರಡಂತೆ! ದೇವ್ರಿಗೆ ಕೈಮುಗಿ ಅಂದ್ರೆ ಫೋನ್ ಹಿಡ್ಕಂಡು ಮಿಷನ್ ಸುತ್ತ ಪ್ರದಕ್ಷಿಣೆ ಹಾಕಿದಾಳೆ,” ಎಂದರು ಅತ್ತೆ.

ಇಪ್ಪತ್ತಮೂರು ಫೋಟೊ ಇದ್ದವು. ಹದಿನಾಲ್ಕನೆಯದರಲ್ಲಿ ಪೆಟ್ಟಿಗೆಯೂ ಇತ್ತು, ಅದಕ್ಕೂ ಕುಂಕುಮ ಇಟ್ಟಿದ್ದರಿಂದ. ಆರ್ಡರ್ ಸಂಖ್ಯೆ ಅಕ್ಷರ ಬಿಡದೆ ಓದುವ ಹಾಗಿತ್ತು. ಪಕ್ಕದಲ್ಲಿ ಬಂಗಾರದ ಬಣ್ಣದ ಅಚ್ಚು. ಗೌರಮ್ಮನ ಉಂಗುರದ ಬೆರಳು ಆಗ ತಾನೇ ಅಂಚಿನಿಂದ ಮೇಲೆದ್ದಿತ್ತು, ಕೆಳಗೆ ಬೊಟ್ಟು. ದೊಡ್ಡದು ಮಾಡಿ ನೋಡಿದರೆ ಬೊಟ್ಟಿನ ಕೆಳಗಿನಿಂದ ಗುಳಿಯ ತುದಿ ಇಣುಕುತ್ತಿತ್ತು. ಅದೇ ಜಾಗ, ಅದೇ ಓರೆ, ಅದೇ ಅಳತೆ.

ಎರಡೂ ಒಂದೇ ಅಚ್ಚು ಎಂದು ತೋರಿಸಬಹುದಿತ್ತು. ಆದರೆ ಬಂಗಾರದ್ದು ಬಿಳಿಯದಾದದ್ದು ಹೇಗೆ ಎಂದೂ ಹೇಳಬೇಕಿತ್ತು. ಅದನ್ನು ಹೇಳಬೇಕಾದವಳು ನಾನು.

ಚನ್ನಗಿರಿಗೆ ಬಂದು ಸಿದ್ದೇಶಣ್ಣನಿಗೆ ಬರೆದದ್ದನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು.

“‘ಕೌಂಟರಿನ ಸಿಬ್ಬಂದಿಯಾದ ನಾನು ದ್ರಾವಣದಿಂದ ಒರೆಸಿದಾಗ ಬಣ್ಣ ಹೋಯಿತು.’ ಇದು ಬೇಕಾ?”

“ಬೇಕು ಅಣ್ಣ.”

“ಆಯಮ್ಮನೇ ತೊಳೆದಾಗ ಹೋಯ್ತು ಅಂತ ಬರಿ. ಮುಗೀತಲ್ಲ.”

“ಅವರು ತೊಳೆದಿಲ್ಲ. ಬೇಡ ಅಂತಿದ್ದರು.”

“ನೋಡಮ್ಮ, ಸಾಮಾನು ಮುಟ್ಟಿದೀವಿ ಅಂತ ನಾವೇ ಬರ್ಕೊಟ್ರೆ ನಿನ್ ಕೆಲ್ಸನೂ ಹೋಗ್ತೈತೆ, ನನ್ ಗುತ್ತಿಗೆನೂ ಹೋಗ್ತೈತೆ. ಒಂದು ಶಾವಿಗೆ ಮಿಷನ್ನಿಗೆ ಇಷ್ಟೆಲ್ಲಾನಾ?”

ನಾನು ವಾದ ಮಾಡುವವಳಲ್ಲ. ಅವತ್ತೂ ಮಾಡಲಿಲ್ಲ. “ಅವರು ಬದಲಾಯಿಸಿದರು ಅಂತ ಬರೆದಿದ್ದಾರೆ ಅಣ್ಣ. ಅದು ಹಾಗೇ ಉಳಿಯುತ್ತೆ,” ಎಂದಷ್ಟೇ ಹೇಳಿ ಅಲ್ಲೇ ನಿಂತೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಳಿಸು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಕಳಿಸಿದೆ. ಆಮೇಲೆ ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ. ಚಹಾ ಮಾತ್ರ ಎಂದಿನಂತೆ ಎರಡು ಲೋಟ ತರಿಸುತ್ತಿದ್ದರು.

ಉತ್ತರ ಎರಡು ಬಂದವು, ಒಂದೇ ದಿನ. ಮೊದಲನೆಯದು ಗೌರಮ್ಮನ ದೂರನ್ನು ಎತ್ತಿಹಿಡಿದಿತ್ತು, ಪೂರ್ತಿ ಹಣ ಹಿಂದಕ್ಕೆ. ಎರಡನೆಯದು ನನ್ನ ಹೆಸರಿಗೆ ಬಂದ ಎಚ್ಚರಿಕೆ ಪತ್ರ. ಇನ್ನೊಮ್ಮೆ ಸಾಮಾನು ಮುಟ್ಟಿದರೆ ಕೆಲಸದಿಂದ ತೆಗೆಯಲಾಗುವುದು ಎಂದಿತ್ತು. ಸಿದ್ದೇಶಣ್ಣ ಅದನ್ನು ಓದಿ, ಮಡಚಿ, ತಮ್ಮ ಡ್ರಾಯರಿನಲ್ಲಿ ಹಾಕಿದರು.

“ಗುತ್ತಿಗೆ ವಿಷಯ ಏನೂ ಬರೆದಿಲ್ಲ,” ಎಂದರು. ನಾಲ್ಕು ದಿನದ ನಂತರದ ಮೊದಲ ಮಾತು ಅದು.

ಬೀಳ್ಕೊಡುಗೆಯ ದಿನ ಶಾಲಿನ ಜೊತೆ ಆ ಪತ್ರವನ್ನೂ ಕೊಟ್ಟರು. “ತಗಳಮ್ಮ, ನಿನ್ ಸರ್ವೀಸ್ ಸರ್ಟಿಫಿಕೇಟು,” ಎಂದರು. ನನ್ನ ಬಳಿ ಇದೆ.

ಆ ಪತ್ರ ಬಂದ ದಿನವೇ ಬಾಟಲಿಯನ್ನು ಕೈಚೀಲದಿಂದ ತೆಗೆದೆ. ಅಲ್ಲಿಂದ ಮುಂದೆ ಪದ್ಧತಿ ತಿರುಗಿತು. ಯಾರೇ ಬಂದರೂ ನನ್ನ ಮೊದಲ ಪ್ರಶ್ನೆ, “ಪೂಜೆ ಫೋಟೊ ಐತಾ?” ಇಲ್ಲದಿದ್ದರೆ ಕುಂಕುಮ ಇದ್ದ ಹಾಗೇ ಒಂದು ಫೋಟೊ. ದೂರಿನ ಮೊದಲ ಸಾಲಿನಲ್ಲೇ, ‘ಮೇಲೆ ಕಾಣುವ ಗುರುತು ಬಿಚ್ಚಿದ ದಿನದ ಪೂಜೆಯದು, ಬಳಕೆಯದಲ್ಲ’ ಎಂದು ಬರೆಯತೊಡಗಿದೆ. ಗೋದಾಮಿನವರು ಮೊದಮೊದಲು ಪ್ರಶ್ನೆ ಕೇಳಿದರು, ಆಮೇಲೆ ಬಿಟ್ಟರು. ಇಷ್ಟು ಸರಳವಾದದ್ದನ್ನು ಬರೆಯುವ ಬದಲು ಎರಡು ವರ್ಷ ಒರೆಸುತ್ತ ಕೂತಿದ್ದೆ.

ಕೆಲಸವೂ ಬೇಗ ಬದಲಾಯಿತು. ಮೊದಲು ಕಾರ್ಬನ್ ಹಾಳೆಯ ರಸೀದಿ ಪುಸ್ತಕವಿತ್ತು. ಆಮೇಲೆ ಫೋಟೊ ಬಂತು, ಆಮೇಲೆ ವಿಡಿಯೊ. ಆಮೇಲೆ ಕಾರಣಗಳ ಪಟ್ಟಿಯೇ ಬಂತು, ಅದರಲ್ಲಿ ಒಂದನ್ನು ಒತ್ತಿದರೆ ಸಾಕು. ಕೆರೆ ಪಾಚಿಯ ಬಣ್ಣ, ಹಿತ್ತಲಲ್ಲಿ ಕಂಡ ತಮ್ಮ ಇವು ಯಾವುವೂ ಆ ಪಟ್ಟಿಯಲ್ಲಿರಲಿಲ್ಲ. ಕೊನೆಗೆ ಪಾರ್ಸೆಲ್ ಹಂಚುವವರೇ ಮನೆ ಬಾಗಿಲಲ್ಲಿ ನಿಂತು ಪರೀಕ್ಷಿಸಿ ವಾಪಸ್ ಒಯ್ಯುವ ಏರ್ಪಾಡಾಯಿತು. ಜನಕ್ಕೆ ಒಳ್ಳೆಯದೇ ಆಯಿತು, ಬಿಸಿಲಲ್ಲಿ ಬಸ್ ಹತ್ತುವುದು ತಪ್ಪಿತು. ಕೌಂಟರಿನ ಮುಂದಿನ ಬೆಂಚು ಖಾಲಿಯಾಯಿತು. ಮಂಗಳವಾರಗಳಲ್ಲಿ ಹೊನ್ನಾಳಿ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಹೊಳೆ ನೋಡುತ್ತಿದ್ದದ್ದು, ನ್ಯಾಮತಿಯಲ್ಲಿ ಊಟದ ಹೊತ್ತಿಗೆ ಯಾರಾದರೊಬ್ಬರು ಕಾಗದದಲ್ಲಿ ಸುತ್ತಿ ತಂದುಕೊಡುತ್ತಿದ್ದ ರೊಟ್ಟಿ, ಇಂಥವೇ ಈಗ ನೆನಪಿಗೆ ಬರುವುದು. ದೂರುಗಳ ಸಂಖ್ಯೆ ನೆನಪಿಲ್ಲ.

ಗೌರಮ್ಮನ ಕತೆ ಮುಗಿಸಬೇಕು. ಹಣ ಬಂದ ಮೇಲೆ ಅವರು ಚಮಚ ಕಟ್ಟಿಕೊಂಡು ದಾವಣಗೆರೆಗೆ ಹೋಗಿ, ಮೂರು ಅಂಗಡಿಯಲ್ಲಿ ಅಚ್ಚು ಬಡಿದು ನೋಡಿ, ನಾಲ್ಕನೇ ಅಂಗಡಿಯಲ್ಲಿ ಮಿಷನ್ ಕೊಂಡು ತಂದರು. ರೇಣುಕ ಫೋನ್ ಮಾಡಿದಳು.

“ಅತ್ತೆ ಇನ್ನೂ ಪೂಜೆ ಮಾಡಿಲ್ರೀ ಮೇಡಂ. ನೀವು ಬರೋ ದಿನ ಮಾಡ್ತೀನಿ ಅಂತಾರೆ.”

“ನಿಮ್ಮಲ್ಲಿ ಸೋಮವಾರ ಅಲ್ವಾ?”

ಫೋನ್ ಅತ್ತೆಯ ಕೈಗೆ ಹೋಯಿತು. “ಸೋಮಾರ ಎಲ್ಲಾದಕ್ಕೂ ಐತೆ. ನೀನು ಜಗಳೂರಿಗೆ ಬರೋದು ಬೇಸ್ತಾರ ತಾನೇ? ಬೇಸ್ತಾರನೇ ಮಾಡ್ತೀನಿ. ಬಿಸಿಲು ಇನ್ನೂ ಐತೆ, ಅವಸರ ಇಲ್ಲ.”

ಅವಸರ ಇತ್ತು ಎಂದು ನನಗೆ ಗೊತ್ತಿತ್ತು. ಆ ಸಲದ ಬಿಸಿಲಿನಲ್ಲಿ ಅರ್ಧ ಕಳೆದುಹೋಗಿತ್ತು.

ಗುರುವಾರ ಹೋದೆ. ಗೋಡೆಯ ಮೇಲೆ ಅಳಿಸಿದ್ದ ಎರಡು ಹೆಸರುಗಳಲ್ಲಿ ಒಂದು ಮತ್ತೆ ಬಂದಿತ್ತು, ಪಟ್ಟಿಯ ಕೊನೆಯಲ್ಲಿ. ಓಣಿಯ ಹೆಂಗಸರು ಹಿಟ್ಟಿನ ಡಬ್ಬಿ ಹಿಡಿದು ಸಾಲಾಗಿ ಕೂತಿದ್ದರು. ಗೌರಮ್ಮ ವಿಭೂತಿ ಬಳಿದರು, ಹೂವು ಇಟ್ಟರು, ಊದಿನಕಡ್ಡಿ ಹಚ್ಚಿದರು. ಆಮೇಲೆ ಕುಂಕುಮದ ಬಟ್ಟಲನ್ನು ನನ್ನ ಮುಂದೆ ಹಿಡಿದರು.

“ನಾನಾ?” ಎಂದೆ.

“ಅವತ್ತು ತೆಗೆದೋಳು ನೀನೇ. ಇವತ್ತು ನೀನೇ ಇಡು.”

“ಮೊದ್ಲು ಫೋಟೊ ತಗಳ್ರಿ ಮೇಡಂ,” ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ರೇಣುಕ ಆಗಲೇ ಫೋನ್ ಎತ್ತಿದ್ದಳು.

ಉಂಗುರದ ಬೆರಳನ್ನು ಬಟ್ಟಲಿನಲ್ಲಿ ಅದ್ದಿ ಅಚ್ಚಿನ ಅಂಚಿಗೆ ಇಟ್ಟೆ. ಅಷ್ಟು ಜನ ನೋಡುತ್ತಿದ್ದರಿಂದಲೋ ಏನೋ ಬೆರಳು ಜಾರಿತು, ಬೊಟ್ಟು ಸೊಟ್ಟಗಾಗಿ ಕೆಳಗೆ ಎಳೆದುಕೊಂಡಿತು. ಸರಿಮಾಡಲು ಕರವಸ್ತ್ರ ತೆಗೆದೆ. ಗೌರಮ್ಮ ನನ್ನ ಕೈ ಹಿಡಿದರು.

“ಇರ್ಲಿ ಬಿಡವ್ವ,” ಎಂದರು. “ಹಂಗೇ ಇರ್ಲಿ.”

ಆಮೇಲೆ ಮಿಷನ್ನಿನ ಗುಂಡಿ ಒತ್ತಿದರು. ಬಿಳಿ ಎಳೆಗಳು ಇಳಿಯತೊಡಗಿದವು.